ಪಾಣಿಪತ್ತಿಗೆ ಹೋಗಿ ಬರುವ ಏರ್ಪಾಡು

ನಮ್ಮತ್ತೆ ಆ ಊರಿನ ಹೆಸರನ್ನು ಬಾಯಿಬಿಟ್ಟು ಹೇಳಿದ್ದನ್ನು ನಾನು ಮೊದಲ ಸಲ ಕೇಳಿದ್ದು ಮದುವೆಯಾಗಿ ಹದಿನೆಂಟು ವರ್ಷವಾದ ಮೇಲೆ. ನವೆಂಬರಿನ ಒಂದು ಭಾನುವಾರ ಬೆಳಿಗ್ಗೆ. ದೆಹಲಿಯ ಆರ್.ಕೆ.ಪುರಂನ ನಮ್ಮ ಕ್ವಾರ್ಟರ್ಸಿನ ಬಾಲ್ಕನಿಯಲ್ಲಿ ಬಿಸಿಲು ಬೀಳುವುದು ಒಂದೇ ಮೂಲೆಗೆ. ಅಲ್ಲಿ ಕುರ್ಚಿ ಹಾಕಿಕೊಂಡು ಅವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಒಂಬತ್ತನೇ ಕ್ಲಾಸಿನ ಮಗಳು ಪಕ್ಕದಲ್ಲಿ ನೆಲದ ಮೇಲೆ ಕೂತು ಫೋನು ನೋಡುತ್ತಿದ್ದಳು.

"ಪಾಣಿಪತ್ ಇಲ್ಲಿಂದ ಎಷ್ಟು ದೂರ ಆಗ್ತದ?" ಅಂದರು ಅತ್ತೆ.

ಒಳಗೆ ಪೇಪರು ಓದುತ್ತಿದ್ದ ನನ್ನ ಗಂಡ ತಲೆ ಎತ್ತಿ ನನ್ನನ್ನು ನೋಡಿದರು. ನಾನು ದೋಸೆ ಹಿಟ್ಟಿನ ಸೌಟು ಹಿಡಿದುಕೊಂಡು ಹಾಗೇ ನಿಂತೆ. ಮಗಳಿಗೆ ಇದ್ಯಾವುದೂ ಗೊತ್ತಾಗಲಿಲ್ಲ. ಅವಳು ಫೋನಿನಲ್ಲಿ ಹೆಸರು ಒತ್ತಿ, "ನೈಂಟಿ ಕಿಲೋಮೀಟರ್ ಅಜ್ಜಿ. ಟ್ರಾಫಿಕ್ ಇಲ್ಲಾಂದ್ರೆ ದೋ ಘಂಟೆ, ಅಷ್ಟೇ," ಅಂದಳು.

"ಎರಡು ತಾಸು?" ಅತ್ತೆಯ ಕೈ ಸೊಪ್ಪಿನ ಮೇಲೆ ನಿಂತುಬಿಟ್ಟಿತು. "ಬರೇ ಎರಡು ತಾಸು?"

ಅವರಿಗೆ ಅಷ್ಟು ಆಶ್ಚರ್ಯವಾಗಲು ಕಾರಣವಿತ್ತು. ನನ್ನ ಗಂಡನ ಮನೆಯವರು ಬೆಳಗಾವಿ ಕಡೆಯವರು. ಇನ್ನೂರ ಅರವತ್ತು ವರ್ಷದ ಹಿಂದೆ ಆ ಮನೆಯ ಹಿರಿಮಗ ಪೇಶ್ವೆಯವರ ದಂಡಿನ ಜೊತೆ ಉತ್ತರಕ್ಕೆ ಹೋದ. ಅವನು ಕತ್ತಿ ಹಿಡಿದವನಲ್ಲ, ದಂಡಿನಲ್ಲಿ ಪತ್ರ ಬರೆಯುವ ಕಾರಕೂನ. ಸಂಕ್ರಾಂತಿಯ ದಿನ ಪಾಣಿಪತ್ತಿನಲ್ಲಿ ಯುದ್ಧವಾಗಿ ದಂಡು ಮುರಿದು ಬಿತ್ತು. ಹೋದವರಲ್ಲಿ ಕೆಲವರು ತಿಂಗಳುಗಟ್ಟಲೆ ನಡೆದು ಊರು ಸೇರಿದರು. ಇವನು ಬರಲಿಲ್ಲ. ಸತ್ತದ್ದನ್ನು ಕಂಡವರೂ ಇಲ್ಲ, ಬದುಕಿದ್ದಾನೆಂದು ಹೇಳಿದವರೂ ಇಲ್ಲ. ಹದಿನಾರು ವರ್ಷದ ಅವನ ಹೆಂಡತಿ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಮುದುಕಿಯಾಗಿ ಸಾಯುವವರೆಗೂ ಹಾಗೇ ಇದ್ದಳಂತೆ. ಮೈದುನನ ಮಗನನ್ನು ದತ್ತು ತೆಗೆದುಕೊಂಡು ಸಾಕಿದಳು. ನನ್ನ ಗಂಡ ಆ ಹುಡುಗನ ವಂಶ.

ಸತ್ತ ತಿಥಿ ಗೊತ್ತಿಲ್ಲದವನಿಗೆ, ಸತ್ತನೆಂದು ಯಾರೂ ಒಪ್ಪದವನಿಗೆ ಶ್ರಾದ್ಧ ಮಾಡುವುದು ಹೇಗೆ? ಅದಕ್ಕೇ ಆ ಮನೆಯಲ್ಲಿ ಸಂಕ್ರಾಂತಿಯಂದು ಹಬ್ಬವಿಲ್ಲ. ಸಿಹಿ ಇಲ್ಲ, ಹೊಸ ಬಟ್ಟೆ ಇಲ್ಲ, ಎಳ್ಳು ಹಂಚುವುದಿಲ್ಲ. ಮಧ್ಯಾಹ್ನ ಒಂದು ಎಲೆಯಲ್ಲಿ ಅನ್ನ, ತೊವ್ವೆ ಬಡಿಸಿ ಹಿತ್ತಿಲಲ್ಲಿಟ್ಟು, ಕಾಗೆ ಮುಟ್ಟಿದ ಮೇಲೆ ಮನೆಮಂದಿ ಊಟ ಮಾಡಬೇಕು. ಮಾತಾಡದೆ ಊಟ. ಆ ಊರಿನ ಹೆಸರನ್ನಂತೂ ಯಾರೂ ಎತ್ತುವಂತಿಲ್ಲ.

ನಾನು ಮೈಸೂರಿನವಳು. ಸಂಕ್ರಾಂತಿಗೆ ಹದಿನೈದು ದಿನ ಮೊದಲೇ ಕೊಬ್ಬರಿ ಕತ್ತರಿಸಿ ಒಣಗಿಸಿ, ಹೊಸ ರೇಷ್ಮೆ ಲಂಗದಲ್ಲಿ ಮನೆಮನೆಗೆ ಎಳ್ಳು ಬೀರಿ ಬೆಳೆದವಳು. ಮದುವೆಯಾದ ವರ್ಷ ತೌರಿನಿಂದ ಡಬ್ಬಿ ತುಂಬ ಎಳ್ಳು ಬಂದಿತ್ತು. ನನ್ನ ಗಂಡ ಏನೂ ವಿವರಿಸದೆ ಆ ಡಬ್ಬಿಯನ್ನು ಆಫೀಸಿಗೆ ಒಯ್ದು ಹಂಚಿ ಬಂದರು. ರಾತ್ರಿ ಫೋನಿನಲ್ಲಿ ಅಮ್ಮ "ಹಬ್ಬ ಆಯ್ತೇನೇ?" ಎಂದು ಕೇಳಿದಾಗ "ಆಯ್ತಮ್ಮ, ಚೆನ್ನಾಗಾಯ್ತು" ಅಂದೆ. ಮಾವ ತೀರಿಕೊಂಡು ಅತ್ತೆ ನಮ್ಮ ಜೊತೆ ದೆಹಲಿಗೆ ಬಂದ ಮೇಲೆ ಆ ಎಲೆ ನಮ್ಮ ಬಾಲ್ಕನಿಗೆ ಬಂತು. ಇಲ್ಲಿ ಕಾಗೆಗಿಂತ ಪಾರಿವಾಳ ಹೆಚ್ಚು. ಪಾರಿವಾಳ ಮುಟ್ಟಿದರೆ ಲೆಕ್ಕಕ್ಕಿಲ್ಲ ಎಂದು ಅತ್ತೆ ಪೊರಕೆ ಹಿಡಿದು ಕಾಯುತ್ತಿದ್ದರು. ಒಂದು ವರ್ಷ ಮಧ್ಯಾಹ್ನ ಮೂರೂವರೆಯವರೆಗೆ ನಾವು ಹಸಿದು ಕೂತಿದ್ದೆವು. ಮಗಳು ಅಡುಗೆಮನೆಯಲ್ಲಿ ಕದ್ದು ಬಿಸ್ಕತ್ತು ತಿಂದಳು, ನಾನು ನೋಡಿಯೂ ಸುಮ್ಮನಿದ್ದೆ.

ಆ ಭಾನುವಾರ ಅತ್ತೆ ಸೊಪ್ಪಿನ ಬುಟ್ಟಿಯನ್ನು ಪಕ್ಕಕ್ಕಿಟ್ಟು, ಮಗನನ್ನು ಹೊರಗೆ ಕರೆದು ಹೇಳಿದರು. "ನಾ ಅಲ್ಲಿಗೆ ಹೋಗ್ಬೇಕು. ಕರ್ಕೊಂಡು ಹೋಗು."

"ಯಾಕವ್ವಾ ಈಗ?"

"ನನಗ ಎಪ್ಪತ್ತಾರು ಆತು. ಐವತ್ತೈದು ವರ್ಷ ಎಲಿ ಹಾಕೇನಿ. ಯಾರಿಗೆ ಹಾಕತೇನಿ, ಆ ಜಾಗಾ ಹೆಂಗದ, ಒಮ್ಮೆನೂ ನೋಡಿಲ್ಲ. ಎರಡು ತಾಸಿನ ದಾರಿ ಅಂತ ಇಷ್ಟು ದಿನ ಯಾರರೇ ಹೇಳಿದ್ರೇನು ನನಗ?"

ಗಂಡ ಒಳಗೆ ಬಂದು ನನ್ನ ಹತ್ತಿರ ಮೆಲ್ಲಗೆ, "ಚಳಿಗಾಲದಲ್ಲಿ ಹೈವೇ ಮೇಲೆ ಮಂಜು ಹೇಗಿರುತ್ತೆ ಗೊತ್ತಲ್ಲ. ಮಾರ್ಚಿನಲ್ಲಿ ನೋಡೋಣ ಅನ್ನು. ನೀನು ಹೇಳಿದರೆ ಕೇಳುತ್ತಾರೆ," ಅಂದರು. ನಾನು ಹೇಳಿದೆ. ಅತ್ತೆ ಕೇಳಲಿಲ್ಲ. ಸಂಕ್ರಾಂತಿಗೇ ಹೋಗಬೇಕು ಅಂದರು. ಇಲ್ಲವಾದರೆ ತಾವೊಬ್ಬರೇ ಬಸ್ಸು ಹತ್ತುವುದಾಗಿಯೂ ಸೇರಿಸಿದರು. ಮೊಣಕಾಲು ನೋವಿಗೆ ಕೋಲು ಹಿಡಿದು ನಡೆಯುವವರು, ಹೇಳಿದ ಮೇಲೆ ಮಾಡುವವರೇ.

ಹೀಗೆ ಏರ್ಪಾಡಿನ ಹೊಣೆ ನನ್ನ ಮೇಲೆ ಬಿತ್ತು. ಅದಕ್ಕೆ ನಾನೇ ತಕ್ಕವಳು ಕೂಡ. ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರು. ದೊಡ್ಡ ಸಾಹೇಬರುಗಳ ಟೂರ್ ಪ್ರೋಗ್ರಾಂ ತಯಾರಿಸುವುದು ಎಷ್ಟೋ ವರ್ಷಗಳಿಂದ ನನ್ನ ಕೆಲಸ. ಎಷ್ಟು ಗಂಟೆಗೆ ಹೊರಡುವುದು, ಎಲ್ಲಿ ಚಹಾ, ಯಾರು ಎದುರುಗೊಳ್ಳುತ್ತಾರೆ, ವಿಮಾನ ತಡವಾದರೆ ಏನು ಮಾಡುವುದು, ಎಲ್ಲ ಒಂದು ಹಾಳೆಯಲ್ಲಿ ಬರಬೇಕು. ಅತ್ತೆಗೂ ಹಾಗೇ ಒಂದು ಹಾಳೆ ಮಾಡಿದೆ. ರೈಲು ಬೇಡ, ಮಂಜಿಗೆ ತಡವಾಗುತ್ತದೆ. ಕಾರು. ಮಂಜು ಕರಗಿದ ಮೇಲೆ ಹೊರಡಬೇಕು, ಕತ್ತಲಾಗುವ ಮೊದಲು ವಾಪಸು. ಔಷಧಿ, ಶಾಲು, ಬಿಸಿನೀರಿನ ಫ್ಲಾಸ್ಕು. ಮಗಳು ಆ ಹಾಳೆ ನೋಡಿ ನಕ್ಕಳು. "ಅಮ್ಮಾ, ಇದು ಪಿಕ್ನಿಕ್ ಹೈ ನಾ? ನಿನ್ನ ಸಾಹೇಬರ ವಿಸಿಟ್ ಅಲ್ಲ."

ಅವಳು ನಕ್ಕರೂ ನನಗೆ ನಗು ಬರಲಿಲ್ಲ. ಹಾಳೆಯಲ್ಲಿ ಬರೆಯಲಾಗದ ಒಂದು ಭಯ ನನಗಿತ್ತು. ಅತ್ತೆಯ ಮನಸ್ಸಿನಲ್ಲಿ ಆ ಜಾಗ ಹೇಗಿದೆಯೋ ನನಗೆ ಗೊತ್ತಿರಲಿಲ್ಲ. ಹೋಗಿ ನೋಡಿದ ಮೇಲೆ ದುಃಖ ಇನ್ನೂ ಹೆಚ್ಚಾದರೆ? ವರ್ಷಕ್ಕೊಂದು ದಿನ ಇದ್ದ ಸೂತಕ ತಿಂಗಳಿಗೊಮ್ಮೆ ಆದರೆ? ಅತ್ತೆಯ ನಂತರ ಆ ಎಲೆ ನನ್ನ ಕೈಗೆ ಬರುತ್ತದೆ, ನನ್ನ ನಂತರ ಮಗಳ ಕೈಗೆ. ಅದನ್ನು ಬೇಡವೆನ್ನುವ ಧೈರ್ಯ ನನಗೆ ಹದಿನೆಂಟು ವರ್ಷದಲ್ಲಿ ಬಂದಿರಲಿಲ್ಲ. ನನ್ನ ಹಬ್ಬ ಹೋಯಿತಲ್ಲ ಎಂದು ಬಾಯಿಬಿಟ್ಟು ಹೇಳಿದವಳೂ ಅಲ್ಲ. ಒಬ್ಬ ಹುಡುಗ ಮನೆಗೆ ಬರಲಿಲ್ಲ, ಒಬ್ಬ ಹುಡುಗಿ ಸಾಯುವವರೆಗೆ ಕಾದಳು. ಅದರ ಮುಂದೆ ನನ್ನ ಎಳ್ಳುಬೆಲ್ಲ ಎಷ್ಟರದು ಎಂದು ನನಗೇ ನಾಚಿಕೆಯಾಗುತ್ತಿತ್ತು.

ಸಾಹೇಬರು ಎಲ್ಲಿಗಾದರೂ ಹೋಗುವ ಮೊದಲು ನಮ್ಮವರೊಬ್ಬರು ಮುಂಚಿತವಾಗಿ ಹೋಗಿ ಜಾಗ ನೋಡಿ ಬರುವುದು ಪದ್ಧತಿ. ಇಲ್ಲಿ ಹೋಗಬೇಕಾದವಳು ನಾನೇ ಅನ್ನಿಸಿತು. ಡಿಸೆಂಬರಿನ ಎರಡನೇ ಶನಿವಾರ ಆಫೀಸಿನಲ್ಲಿ ತುರ್ತು ಕೆಲಸವಿದೆ ಎಂದು ಮನೆಯಲ್ಲಿ ಸುಳ್ಳು ಹೇಳಿ ಹೊರಟೆ. ಮೆಟ್ರೋದಲ್ಲಿ ಕಾಶ್ಮೀರಿ ಗೇಟ್, ಅಲ್ಲಿಂದ ಹರಿಯಾಣದ ಬಸ್ಸು. ಕಿಟಕಿ ಪಕ್ಕದ ಸೀಟು ಸಿಕ್ಕಿತು. ಬಸ್ಸಿನವನು "ಪಾನಿಪತ್, ಪಾನಿಪತ್" ಎಂದು ಕೂಗಿ ಕರೆಯುತ್ತಿದ್ದಾಗ ನನಗೆ ಒಂಥರಾ ಆಯಿತು. ಆ ಹೆಸರನ್ನು ಹೀಗೆ ರಸ್ತೆಯಲ್ಲಿ ಕೂಗಬಹುದೇ ಅನ್ನುವಂತೆ.

ಬಸ್ಸಿಳಿದು ಆಟೋದವನಿಗೆ, ಯುದ್ಧ ನಡೆದ ಜಾಗಕ್ಕೆ ಅಲ್ಲಿಯವರು ಹೇಳುವಂತೆ, ಕಾಲಾ ಅಂಬ್ ಎಂದೆ. "ಕಂಬಳಿ ಬಾಜಾರ್ ಅಲ್ವಾ ಮೇಡಂ?" ಎಂದು ಅವನು ಹಿಂದಿಯಲ್ಲಿ ಎರಡು ಸಲ ಕೇಳಿದ. ದೆಹಲಿಯಿಂದ ಬರುವ ಹೆಂಗಸರೆಲ್ಲ ಕಂಬಳಿಗೆ, ಉಪ್ಪಿನಕಾಯಿಗೆ ಬರುವವರು. ಯುದ್ಧದ ಜಾಗ ಊರ ಹೊರಗಿತ್ತು. ಹಾದಿಯಲ್ಲಿ ಸಾಸಿವೆಯ ಹೊಲ, ಇಟ್ಟಿಗೆ ಗೂಡು, ನೂಲಿನ ಕಾರ್ಖಾನೆಗಳು. ಆಟೋದವನಿಗೆ ಹಣ ಕೊಟ್ಟು ಗೇಟಿನೊಳಗೆ ಕಾಲಿಟ್ಟೆ.

ಒಳಗಿದ್ದದ್ದು ಒಂದು ಪಾರ್ಕು. ಹುಲ್ಲುಹಾಸು, ಅದರ ಅಂಚಿಗೆ ಚೆಂಡುಹೂವು, ನಡೆಯಲು ಕಲ್ಲು ಹಾಸಿದ ದಾರಿ. ಮಧ್ಯದಲ್ಲಿ ಕಬ್ಬಿಣದ ಬೇಲಿಯೊಳಗೆ ಒಂದು ಇಟ್ಟಿಗೆ ಕಂಬ. ಇಲ್ಲೊಂದು ಮಾವಿನ ಮರವಿತ್ತಂತೆ, ಹರಿದ ರಕ್ತಕ್ಕೆ ಅದರ ಹಣ್ಣು ಕಪ್ಪಾಗಿ ಕಾಲಾ ಅಂಬ್, ಕಪ್ಪು ಮಾವು, ಎಂದು ಹೆಸರಾಯಿತು ಅನ್ನುತ್ತಾರೆ. ಮರ ಒಣಗಿ ಹೋಗಿ ಎಷ್ಟೋ ಕಾಲವಾಗಿ, ಅದಿದ್ದಲ್ಲಿ ಕಂಬ ನಿಲ್ಲಿಸಿದ್ದಾರೆ. ಬಿಸಿಲಿಗೆ ಬೆನ್ನು ಕೊಟ್ಟು ಹಳ್ಳಿ ಹೆಂಗಸರು ಕಡಲೆಕಾಯಿ ಸುಲಿಯುತ್ತಿದ್ದರು. ಶಾಲೆಯ ಮಕ್ಕಳ ಒಂದು ಗುಂಪು ಹುಲ್ಲಿನ ಮೇಲೆ ಉರುಳಾಡುತ್ತಿತ್ತು, ಅವರ ಟೀಚರು ಸ್ವೆಟರ್ ಹೆಣೆಯುತ್ತ ಕೂತಿದ್ದರು. ನಾನು ಬೆಂಚಿನ ಮೇಲೆ ಕೂತು ಸ್ವಲ್ಪ ಹೊತ್ತು ಸುಮ್ಮನೆ ನೋಡಿದೆ. ಇಷ್ಟೇನಾ ಅನ್ನಿಸಿತು. ಮರುಕ್ಷಣ, ಸದ್ಯ ಇಷ್ಟೇ, ಅನ್ನಿಸಿತು.

ಆಮೇಲೆ ಕೆಲಸಕ್ಕೆ ಇಳಿದೆ. ಗೇಟಿನಿಂದ ಕಂಬಕ್ಕೆ ಎಷ್ಟು ಹೆಜ್ಜೆ, ಎಲ್ಲಿ ಮೆಟ್ಟಿಲಿದೆ, ಯಾವ ಬೆಂಚಿಗೆ ಬೆನ್ನೊರಗಿಸಲು ಆಗುತ್ತದೆ, ಎಲ್ಲ ಬರೆದುಕೊಂಡೆ. ಹೆಂಗಸರ ಶೌಚಾಲಯಕ್ಕೆ ಬೀಗ. ಪಾತಿಯಲ್ಲಿ ಕಳೆ ಕೀಳುತ್ತಿದ್ದ ಒಬ್ಬಾಕೆಯನ್ನು ಕೇಳಿದೆ. ಐವತ್ತು ದಾಟಿದ ಹೆಂಗಸು, ತಲೆ ತುಂಬ ಸೆರಗು, ಕೈ ಮೊಣಕೈವರೆಗೆ ಮಣ್ಣು. ಕೀಲಿ ತನ್ನ ಹತ್ತಿರವೇ ಇದೆ ಎಂದಳು. ನಾನು ಪಕ್ಕದಲ್ಲೇ ಪಾತಿಯ ಅಂಚಿಗೆ ಕೂತು ಅವಳಿಗೆ ಎಲ್ಲ ಹೇಳಿಬಿಟ್ಟೆ, ಮುರುಕು ಹಿಂದಿಯಲ್ಲಲ್ಲ, ಇಷ್ಟು ವರ್ಷದಲ್ಲಿ ಕಲಿತ ಒಳ್ಳೆಯ ಹಿಂದಿಯಲ್ಲೇ. ಗೆಳತಿಯರಿಗೂ ಹೇಳದಿದ್ದದ್ದನ್ನು ಅವಳಿಗೆ ಹೇಳಿದೆ. ಅವಳು ಕಳೆ ಕೀಳುತ್ತಲೇ ಕೇಳಿಸಿಕೊಂಡಳು.

"ಚೌದಾ ತಾರೀಖ್ ಕೋ ಮತ್ ಲಾನಾ," ಅಂದಳು. ಹದಿನಾಲ್ಕಕ್ಕೆ ಕರೆತರಬೇಡ. ಆ ದಿನ ಮಹಾರಾಷ್ಟ್ರದಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ, ಡೋಲು, ಬಾವುಟ, ಭಾಷಣ, ಪೊಲೀಸರು. ಕೋಲು ಹಿಡಿದ ಮುದುಕಿಗೆ ನಿಲ್ಲಲೂ ಜಾಗ ಸಿಗದು. ಹಿಂದಿನ ದಿನ ಬಾ, ನಾನಿರುತ್ತೇನೆ. ಊಟ ಒಳಗೆ ಬಿಡುವುದಿಲ್ಲ, ನನ್ನ ಹೆಸರು ಹೇಳು, ನಾನು ಚೌಕೀದಾರನಿಗೆ ಹೇಳಿಟ್ಟಿರುತ್ತೇನೆ. ಅಷ್ಟು ಹೇಳಿ ಕೈ ಒರೆಸಿಕೊಂಡು ನನ್ನ ಫೋನಿಗೆ ತನ್ನ ನಂಬರು ಹಾಕಿಸಿದಳು.

ಮನೆ ಮುಟ್ಟಿದಾಗ ಸಂಜೆ ಐದಾಗಿತ್ತು. ಬಾಗಿಲು ತೆಗೆದವರು ಅತ್ತೆ. ಅವರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು.

"ಆಫೀಸಿನ್ಯಾಗ ಇಷ್ಟು ರಾಡಿ ಎಲ್ಲಿಂದ ಬಂತವಾ?"

ಶೂಸಿನ ಸುತ್ತ ಪಾತಿಯ ಹಸಿ ಮಣ್ಣು ಅಂಟಿತ್ತು. ಏನಾದರೂ ಹೇಳಬಹುದಿತ್ತು. ಆದರೆ ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ.

"ಪಾಣಿಪತ್ತಿಗೆ ಹೋಗಿದ್ದೆ ಅತ್ತೆ. ನಿಮ್ಮನ್ನು ಕರೆದುಕೊಂಡು ಹೋಗುವ ಮೊದಲು ಒಮ್ಮೆ ನೋಡಿಕೊಂಡು ಬರೋಣ ಅಂತ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಬೈಗುಳಕ್ಕೆ ಕಾದು ನಿಂತೆ. ಕೇಳದೆ ಹೋದದ್ದು ತಪ್ಪು, ಸುಳ್ಳು ಹೇಳಿ ಹೋದದ್ದು ಇನ್ನೂ ದೊಡ್ಡ ತಪ್ಪು.

"ಒಬ್ಬಾಕಿನ ಹೋಗಿದ್ದೇನು?"

"ಹೌದು."

"ಎಷ್ಟೊತ್ತಿಗೆ ಹೋದಿ?"

"ಬೆಳಿಗ್ಗೆ ಎಂಟಕ್ಕೆ."

"ಈಗ ಬಂದಿ?"

"ಹೂಂ. ಈಗ ಬಂದೆ."

"ಹೋಗಿ ಬಂದಿ," ಅಂದರು ಅತ್ತೆ. ತಮಗೇ ಹೇಳಿಕೊಳ್ಳುವಂತೆ ಇನ್ನೊಮ್ಮೆ ಅಂದರು. "ನಮ್ಮ ಮನಿ ಸೊಸಿ ಅಲ್ಲಿಗೆ ಹೋಗಿ, ಸಂಜೀಕ ತಿರುಗಿ ಬಂದಾಳ."

ಅವರ ಕಣ್ಣು ತುಂಬಿದ್ದು ಆಗ ನನಗೆ ಕಂಡಿತು. ಎರಡೂ ಕೈಯಿಂದ ನನ್ನ ಕೆನ್ನೆ ಸವರಿ ತಮ್ಮ ಹಣೆಗೆ ನೆಟಿಕೆ ಮುರಿದುಕೊಂಡರು. ಒಳಗೆ ಬರಬೇಡ, ಅಲ್ಲೇ ನಿಲ್ಲು ಎಂದು ಹೇಳಿ ಅಡುಗೆಮನೆಯಿಂದ ಉಪ್ಪು, ಒಣಮೆಣಸಿನಕಾಯಿ ತಂದು ಇಳಿತೆಗೆದರು. ಕಾಲಿಗೆ ನೀರು ಹಾಕಿದರು. ಡಿಸೆಂಬರಿನ ಚಳಿಗೆ ಆ ನೀರು ಮಂಜುಗಡ್ಡೆಯಂತಿತ್ತು. ಎದುರು ಮನೆಯ ಪಂಜಾಬಿ ಹೆಂಗಸು ಬಾಗಿಲು ತೆಗೆದು ನೋಡಿ, ಮುಗುಳ್ನಕ್ಕು, ಮತ್ತೆ ಮುಚ್ಚಿಕೊಂಡಳು. ನನಗೆ ನಗುವೂ ಬಂತು, ಅಳುವೂ ಬಂತು.

ಗದ್ದಲಕ್ಕೆ ನನ್ನ ಗಂಡ ಒಳಗಿನಿಂದ ಬಂದು ಎಲ್ಲ ಕೇಳಿಸಿಕೊಂಡು ನಿಂತಿದ್ದರು. ನಾವು ಒಳಗೆ ಬಂದು ಕೂತ ಮೇಲೆ ಅವರು ತಾಯಿಯ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತರು. ಐವತ್ತು ವರ್ಷದವರು, ಕಚೇರಿಯಲ್ಲಿ ಹತ್ತಾರು ಜನರ ಮೇಲಧಿಕಾರಿ.

"ಅವ್ವಾ, ನಾನೂ ಹೋಗೇನಿ," ಅಂದರು.

"ಎಲ್ಲಿಗೆ?"

"ಅಲ್ಲಿಗೇ. ಕೆಲಸದ ಮ್ಯಾಲೆ ಚಂಡೀಗಡಕ್ಕ ಹೋಗಬೇಕಂದ್ರ ಆ ಊರು ದಾಟೇ ಹೋಗಬೇಕು. ಎಷ್ಟೋ ಸಲ ಹೋಗೇನಿ. ನಿನಗ ಹೇಳಲಿಲ್ಲ."

ನನಗೂ ಅವರು ಹೇಳಿರಲಿಲ್ಲ. ಆ ಊರು ಬಂದಾಗಲೆಲ್ಲ ಕಾರಿನಲ್ಲಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರಂತೆ. ಚಿಕ್ಕವರಿದ್ದಾಗ ಅಜ್ಜಿ, ಆ ಊರಿನ ನೀರು ಕುಡಿದವರು ಮನೆಗೆ ಬರುವುದಿಲ್ಲ ಎಂದು ಹೇಳಿದ್ದು ತಲೆಯಲ್ಲಿ ಕೂತಿತ್ತಂತೆ. ಮಾರ್ಚಿನಲ್ಲಿ ನೋಡೋಣ ಎಂದದ್ದು ಮಂಜಿನ ಭಯಕ್ಕಲ್ಲ ಎಂದು ನನಗೆ ಆಗ ತಿಳಿಯಿತು.

"ಒಮ್ಮೆನೂ ಇಳೀಲಿಲ್ಲೇನು ಅಲ್ಲೆ?" ಅತ್ತೆ ಕೇಳಿದರು.

ಗಂಡ ತಲೆ ತಗ್ಗಿಸಿದರು. "ಒಮ್ಮೆ ಟೈರು ಪಂಕ್ಚರ್ ಆತು. ಇಳಿದು ಚಹಾ ಕುಡದೆ."

ಅತ್ತೆ ಅವರನ್ನೇ ನೋಡಿದರು. ಆಮೇಲೆ ಅವರ ಹೊಟ್ಟೆಯೊಳಗಿಂದ ನಗು ಎದ್ದು ಬಂತು, ಮೈ ಕುಲುಕುವ ನಗು. "ನಾವು ಇನ್ನೂರಾ ಅರವತ್ತು ವರ್ಷದಿಂದ ಅಳ್ಕೋತ ಕೂತೇವಿ. ನನ್ನ ಮಗಾ ಅಲ್ಲೆ ಚಹಾ ಕುಡದು ಬಂದಾನ!" ಎಂದು ಮಗನ ತಲೆಗೆ ಮೆಲ್ಲಗೆ ಮೊಟಕಿದರು. ಟ್ಯೂಷನ್ನಿನಿಂದ ಆಗ ತಾನೆ ಬಂದ ಮಗಳು, "ಕ್ಯಾ ಹುವಾ? ಏನಾಯ್ತು?" ಎಂದು ಎಲ್ಲರ ಮುಖ ನೋಡಿದಳು. ಅವತ್ತು ಅವಳಿಗೆ ಆ ಹುಡುಗನ, ಆ ಹುಡುಗಿಯ ಕಥೆಯನ್ನು ಅತ್ತೆಯೇ ಹೇಳಿದರು, ಮೊದಲಿನಿಂದ ಕೊನೆಯವರೆಗೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅವಳ ಹೆಸರೇನಿತ್ತು ಅಜ್ಜಿ?" ಅತ್ತೆಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಹದಿನಾಲ್ಕರ ಬದಲು ಹದಿಮೂರು ಎಂದಾಗ ಅತ್ತೆ ತಕರಾರು ಮಾಡಲಿಲ್ಲ. "ಗದ್ಲದಾಗ ಅವನು ನಮ್ಮನ್ನ ಹೆಂಗ ಗುರುತು ಹಿಡೀತಾನ?" ಎಂದು ತಾವೇ ಸಮಾಧಾನ ಹೇಳಿಕೊಂಡರು. ನಾನೂ ಗಂಡನೂ ರಜೆ ಹಾಕಿದೆವು. ಹದಿಮೂರರ ಬೆಳಿಗ್ಗೆ ಕಿಟಕಿ ತೆಗೆದರೆ ಎದುರಿನ ಬ್ಲಾಕೇ ಕಾಣುತ್ತಿರಲಿಲ್ಲ. ಟ್ಯಾಕ್ಸಿ ಸ್ಟ್ಯಾಂಡಿನ ಡ್ರೈವರು, ಸೋನಿಪತ್ ಕಡೆಯ ವಯಸ್ಸಾದ ಮನುಷ್ಯ, ಎಂಟಕ್ಕೇ ಬಂದು ಕೆಳಗೆ ನಿಂತಿದ್ದ. "ಭಯ್ಯಾ, ಹೋಗಬಹುದಾ?" ಎಂದರೆ, "ದಸ್ ಬಜೇ ತಕ್ ರುಕೋ, ಮ್ಯಾಡಂ," ಅಂದ. ಹತ್ತಾಯಿತು, ಹತ್ತೂವರೆಯಾಯಿತು. ಗಂಡ ಕಿಟಕಿಗೂ ಬಾಗಿಲಿಗೂ ತಿರುಗುತ್ತಿದ್ದರು. ಹನ್ನೊಂದರ ಹೊತ್ತಿಗೆ ಎದುರು ಬ್ಲಾಕಿನ ನೀರಿನ ಟ್ಯಾಂಕು ಕಂಡಿತು, ಆಮೇಲೆ ಕೆಳಗಿನ ಬೇವಿನ ಮರ. "ಚಲೋ," ಅಂದರು ಅತ್ತೆ, ದೆಹಲಿಯಲ್ಲಿ ಕಲಿತ ಮೊದಲ ಹಿಂದಿ ಮಾತದು ಅವರಿಗೆ.

ಕಾರಿನಲ್ಲಿ ಅತ್ತೆಯ ತೊಡೆಯ ಮೇಲೆ ಸ್ಟೀಲ್ ಡಬ್ಬಿ, ಅದರ ಮೇಲೆ ಸುರುಳಿ ಸುತ್ತಿದ ಬಾಳೆಎಲೆ. ರಸ್ತೆ ಪಕ್ಕದಲ್ಲಿ ಊರಿನ ಹೆಸರಿನ ಹಸಿರು ಫಲಕ ಬಂದಾಗ ನಾನು ಗಂಡನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿರಲಿಲ್ಲ.

ಪಾರ್ಕಿನ ಗೇಟಿನಲ್ಲಿ ಚೌಕೀದಾರ ಡಬ್ಬಿ ನೋಡಿ ಕೈ ಅಡ್ಡ ಹಿಡಿದ. ನಾನು ಹೆಸರು ಹೇಳುವ ಮೊದಲೇ ಒಳಗಿನಿಂದ ಕೂಗು ಕೇಳಿಸಿತು. ಮಾಲಿ ಹೆಂಗಸು ಸೆರಗು ಸರಿಮಾಡಿಕೊಳ್ಳುತ್ತ ಓಡಿ ಬಂದಳು. ಅತ್ತೆಯ ಕೈ ಹಿಡಿದು, ತನ್ನ ತಾಯಿಯನ್ನು ಕರೆದುಕೊಂಡು ಹೋಗುವಂತೆ ಒಳಗೆ ಕರೆದೊಯ್ದಳು. ಮರುದಿನದ ಸಮಾರಂಭಕ್ಕೆ ಒಂದು ಕಡೆ ಶಾಮಿಯಾನಾ ಕಟ್ಟುತ್ತಿದ್ದರು. ಉಳಿದಂತೆ ಪಾರ್ಕು ಖಾಲಿ ಇತ್ತು, ಬಿಸಿಲಿತ್ತು.

ಅತ್ತೆ ಕೋಲೂರಿ ಕಂಬದ ಬೇಲಿಯನ್ನು ಒಂದು ಸುತ್ತು ಬಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ತ್ವಾಟ ಮಾಡ್ಯಾರ," ಅಂದರು. "ನಾ ಇದನ್ನ ಮಸಣ ಅಂತ ತಿಳ್ಕೊಂಡಿದ್ದೆ. ಹಗಲಿನ್ಯಾಗೂ ಕತ್ಲಿರ್ತದ, ಒಂದು ಗಿಡಾ ಇರೂದಿಲ್ಲ ಅಂತ. ಎಷ್ಟು ಛಂದ ತ್ವಾಟ ಮಾಡ್ಯಾರ ನೋಡು."

ಒಂದು ಮರದ ಬುಡದಲ್ಲಿ ಎಲೆ ಹಾಸಿ ಅನ್ನ, ತೊವ್ವೆ, ಮೇಲೆ ತುಪ್ಪ ಬಡಿಸಿ, ದೂರ ಸರಿದು ಬೆಂಚಿನ ಮೇಲೆ ಕೂತೆವು. ನನ್ನ ಹಾಳೆಯಲ್ಲಿ ಇದಕ್ಕೆ ಇಪ್ಪತ್ತು ನಿಮಿಷ ಇಟ್ಟಿದ್ದೆ. ಇಪ್ಪತ್ತು ಕಳೆಯಿತು, ಮೂವತ್ತು ಕಳೆಯಿತು. ಒಂದು ಕಾಗೆಯೂ ಇಲ್ಲ. ಗಂಡ ಗಡಿಯಾರ ನೋಡಿದರು, ಮಂಜು ಇಳಿಯುವ ಮೊದಲು ಹೊರಡಬೇಕಿತ್ತು. ಆಗ ಮರದಿಂದ ಒಂದು ಅಳಿಲು ಇಳಿದು ಬಂತು. ಎಲೆಯ ಅಂಚಿಗೆ ನಿಂತು, ಎರಡು ಕೈಯಲ್ಲಿ ಅನ್ನದ ಅಗುಳು ಹಿಡಿದು ತಿಂದಿತು. ಮಗಳು ನನ್ನ ತೋಳು ಹಿಂಡಿದಳು. ನಾವೆಲ್ಲ ಅತ್ತೆಯ ಕಡೆ ತಿರುಗಿದೆವು.

"ನಡೀತದ," ಅಂದರು ಅತ್ತೆ. "ಇದು ಅವರ ಊರು. ಇಲ್ಲೇ ಇರೋವ್ರು ಬಂದು ತಿಂತಾರ."

ಎದ್ದು ಮರದ ಹತ್ತಿರ ಹೋದರು. ನಾವು ಹಿಂದೆಯೇ ನಿಂತೆವು. ಅವರು ದೇವರಿಗೆ ಹೇಳುವ ಧಾಟಿಯಲ್ಲಿ ಹೇಳಲಿಲ್ಲ. ಮನೆಯ ಹುಡುಗನೊಬ್ಬನಿಗೆ ಸುದ್ದಿ ಮುಟ್ಟಿಸುವಂತೆ ಮಾತಾಡಿದರು.

"ನೋಡಪಾ, ನಾ ಆ ಮನಿ ಸೊಸಿ. ನಿನ್ನ ಹೇಣ್ತಿ ಕಡೀತನಕ ಬಳಿ ತಗೀಲಿಲ್ಲ. ಮೈದುನನ ಮಗನ್ನ ಸಾಕಿದಳು, ಮನಿ ಬೆಳೀತು. ಇಷ್ಟು ನಿನಗ ಯಾರೂ ಬಂದು ಹೇಳಿದ್ದಿಲ್ಲ, ಈಗ ನಾ ಹೇಳೇನಿ. ಇನ್ನ ಮ್ಯಾಲೆ ನಮ್ಮ ಹುಡುಗರು ಹಬ್ಬಾ ಮಾಡ್ತಾರ. ನೀ ಏನೂ ಅನಕೋಬ್ಯಾಡ."

ನಾನು ಆ ಮಾತು ಕೇಳಿಸಿಕೊಂಡೆ. ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಗಂಡನ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಒರೆಸುತ್ತಿದ್ದರು. ಹದಿನೆಂಟು ವರ್ಷ ಎದೆಯಲ್ಲಿ ಹೊತ್ತಿದ್ದ ಯಾವುದೋ ಭಾರ ಸದ್ದಿಲ್ಲದೆ ಇಳಿದು ಹೋಯಿತು. ಹಬ್ಬ ಬೇಕೆಂದು ನಾನು ಯಾವತ್ತೂ ಕೇಳಿರಲಿಲ್ಲ. ಕೇಳದೆಯೂ ಅವರಿಗೆ ಗೊತ್ತಿತ್ತು ಅನ್ನುವುದು ಆ ಹೊತ್ತಿಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡಿತು.

ಡಬ್ಬಿಯಲ್ಲಿ ಉಳಿದಿದ್ದ ಅನ್ನ, ಚಪಾತಿ, ಶೇಂಗಾ ಚಟ್ನಿಪುಡಿಯನ್ನು ಬಿಸಿಲಲ್ಲಿ ಕೂತು ತಿಂದೆವು. ಮಾಲಿ ಹೆಂಗಸೂ ಜೊತೆಗೆ ಕೂತಳು. ಚಟ್ನಿಪುಡಿ ಅವಳಿಗೆ ಎಷ್ಟು ಹಿಡಿಸಿತೆಂದರೆ ಉಳಿದದ್ದನ್ನು ಪೇಪರಿನಲ್ಲಿ ಕಟ್ಟಿಸಿಕೊಂಡಳು. ಅತ್ತೆಗೂ ಅವಳಿಗೂ ಒಬ್ಬರ ಭಾಷೆ ಒಬ್ಬರಿಗೆ ಅರ್ಧವೂ ಅರ್ಥವಾಗುತ್ತಿರಲಿಲ್ಲ. ಆದರೂ ಮೊಣಕಾಲು ನೋವಿನ ಬಗ್ಗೆ, ಸೊಸೆಯರ ಬಗ್ಗೆ ಅರ್ಧ ಗಂಟೆ ಮಾತಾಡಿಕೊಂಡರು.

ವಾಪಸು ಬರುವಾಗ ಮುರ್ಥಲ್ ಎಂಬ ಊರು ದಾಟುವಷ್ಟರಲ್ಲಿ ಅತ್ತೆ ಒಮ್ಮೆಲೆ ನೆನಪಾದವರಂತೆ, "ನಾಳೆ ಹಬ್ಬ ಅಲಾ? ಎಳ್ಳು, ಬೆಲ್ಲ ಏನರೇ ಅದೇನವಾ ಮನ್ಯಾಗ?" ಅಂದರು.

ಏನೂ ಇರಲಿಲ್ಲ. ಹದಿನೈದು ದಿನದ ಕೆಲಸವನ್ನು ಒಂದು ಸಂಜೆಯಲ್ಲಿ ಮಾಡಬೇಕಿತ್ತು. ಕಾರು ಸೀದಾ ನಮ್ಮ ಸೆಕ್ಟರಿನ ಮದ್ರಾಸಿ ಅಂಗಡಿಯ ಮುಂದೆ ನಿಂತಿತು. ಅಲ್ಲಿ ಬಿಳಿ ಎಳ್ಳು, ಹುರಿಗಡಲೆ, ಶೇಂಗಾ, ಅಚ್ಚುಬೆಲ್ಲ ಸಿಕ್ಕವು. ಕೊಬ್ಬರಿ ಕಲ್ಲಿನಂತೆ ಗಟ್ಟಿ. ಸಕ್ಕರೆ ಅಚ್ಚು ಇಲ್ಲವೇ ಇಲ್ಲ. ಮನೆಗೆ ಬಂದು ನಾವು ನಾಲ್ಕೂ ಜನ ಟೀಪಾಯಿಯ ಸುತ್ತ ಕೂತೆವು. ಗಂಡ ಬೆಲ್ಲ ಒಡೆಯಲು ಹೋಗಿ ಹೆಬ್ಬೆರಳಿಗೆ ಏಟು ಹಾಕಿಕೊಂಡರು. ಕೊಬ್ಬರಿ ಚೂರುಗಳನ್ನು ದೆಹಲಿಯ ಆ ತೇವದ ಚಳಿಯಲ್ಲಿ ಒಣಗಿಸುವುದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ ಮಗಳು ರೂಮ್ ಹೀಟರಿನ ಮುಂದೆ ಪೇಪರು ಹಾಸಿದಳು. "ಒಣಗ್ತದೆ ಅಮ್ಮಾ, ಟೆನ್ಶನ್ ಮತ್ ಲೋ." ಅರ್ಧ ಒಣಗಿತು, ಅರ್ಧ ಕಂದು ಬಣ್ಣಕ್ಕೆ ತಿರುಗಿತು.

ಹಬ್ಬದ ಬೆಳಿಗ್ಗೆ ಅವಳು ತನ್ನ ಅಜ್ಜಿ ಉಡಿಸಿದ ಇಳಕಲ್ ಸೀರೆಯಲ್ಲಿ, ಕೆಳಗೆ ಸ್ಪೋರ್ಟ್ಸ್ ಶೂ ಹಾಕಿಕೊಂಡು, ತಟ್ಟೆ ಹಿಡಿದು ಬ್ಲಾಕಿನ ಮನೆಮನೆಗೆ ಹೋದಳು. ಎದುರು ಮನೆಯ ಹೆಂಗಸಿಗೆ ಇದು ಏನೆಂದು ಹಿಂದಿಯಲ್ಲಿ ವಿವರಿಸುತ್ತಿದ್ದ ದನಿ ನಮಗೆ ಒಳಗೆ ಕೇಳುತ್ತಿತ್ತು. ಆ ಹೆಂಗಸು ಹಿಂದಿನ ದಿನ ತಮ್ಮ ಲೋಹ್ಡಿ ಹಬ್ಬಕ್ಕೆ ತಂದಿದ್ದ ಎಳ್ಳಿನ ಮಿಠಾಯಿ ರೇವಡಿಯನ್ನು ತಟ್ಟೆ ತುಂಬ ಕೊಟ್ಟು ಕಳಿಸಿದಳು. ಮಧ್ಯಾಹ್ನ ಪೊಂಗಲ್, ಮಾದಲಿ ಎರಡನ್ನೂ ಮಾಡಿದ್ದೆವು, ಮೈಸೂರಿನದೊಂದು, ಬೆಳಗಾವಿಯದೊಂದು. ಗಂಟೆ ಒಂದಾಗುವ ಮೊದಲೇ ಎಲ್ಲರೂ ಒಟ್ಟಿಗೆ ಕೂತು ಉಂಡೆವು, ಮಾತಾಡುತ್ತ ಉಂಡೆವು. ಊಟವಾದ ಮೇಲೆ ಅತ್ತೆ ಸೋಫಾದ ಮೇಲೆ ಕಾಲು ಚಾಚಿ, ಶಾಲು ಹೊದ್ದು, ಬಾಯಿ ತುಸು ತೆರೆದು ನಿದ್ದೆಹೋದರು. ನಾನು ಟಿವಿಯ ಸದ್ದು ಕಡಿಮೆ ಮಾಡಿ, ಪಾತ್ರೆ ತೊಳೆಯುವುದನ್ನು ಸಂಜೆಗೆ ಬಿಟ್ಟು, ಅವರ ಕಾಲ ಬುಡದಲ್ಲೇ ಜಾಗ ಮಾಡಿಕೊಂಡು ಒರಗಿದೆ. ಯಾವಾಗ ಕಣ್ಣು ಹತ್ತಿತೋ ಗೊತ್ತಾಗಲಿಲ್ಲ.